ಗಾಳಿಯೋ, ಹಾಲೋ

ಫೆಬ್ರವರಿ 4

ಜ್ವರ ಬಂದರೆ, ರಕ್ತ ಒಸರಿದರೆ, ಬಾಯಿ ಹುಣ್ಣಾದರೆ ತಾರೀಖು ಹಾಕಿ ಬರೆದಿಡಿ ಎಂದಿದ್ದಾಳೆ ಡಾಕ್ಟರಮ್ಮ. ಬರೀ ಜ್ವರ ಬರೆಯಲು ನಾನೇನು ಥರ್ಮಾಮೀಟರೇ? ಬರೆದರೆ ಎಲ್ಲವನ್ನೂ ಬರೆಯುತ್ತೇನೆ. ನಮ್ಮ ಬೂಟು ಕಾರ್ಖಾನೆಯ ಕಾರ್ಮಿಕ ಸಂಘದ ಹಳೆಯ ನಡಾವಳಿ ಪುಸ್ತಕದಲ್ಲಿ ಹಿಂದಿನ ಅರ್ಧ ಖಾಲಿ ಬಿದ್ದಿತ್ತು, ಅದನ್ನೇ ತರಿಸಿಕೊಂಡೆ. ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿ ಇದರಲ್ಲಿ "ನಾವು" ಎಂದೇ ಬರೆದವಳು ನಾನು. "ನಾನು" ಎಂದು ಬರೆಯಲು ಕೈ ಒಗ್ಗುತ್ತಿಲ್ಲ.

ನಡೆದದ್ದು ಇಷ್ಟು. ಮೂರು ತಿಂಗಳಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಎಲ್ಲೂ ತಗಲಿಸಿಕೊಳ್ಳದೆಯೇ ತೊಡೆಯ ಮೇಲೆ ನೀಲಿ ಕಲೆಗಳು, ಯಾರೋ ಹಿಡಿದು ಗುದ್ದಿದ ಹಾಗೆ. ಕಾರ್ಖಾನೆಯ ಕಾಂಪೌಂಡರ್ ಕಬ್ಬಿಣದ ಗುಳಿಗೆ ಕೊಟ್ಟು, "ವಯಸ್ಸಾಯ್ತಲ್ಲ ಹಾಲಕ್ಕ, ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದ. ಅವನ ಅಜ್ಜಿಗೂ ಅವನು ಅದೇ ಗುಳಿಗೆ ಕೊಟ್ಟಿರಬೇಕು. ಹೋದ ವಾರ ಅಂಟು ಕೋಣೆಯಲ್ಲಿ ಬೂಟಿನ ಅಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕುಸಿದೆ. ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆದರು. ಇವತ್ತು ಹೆಸರು ಹೇಳಿದರು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ರಕ್ತದ ಕ್ಯಾನ್ಸರ್.

ಸೊಸೆ ಎನಿಸಿಕೊಂಡವಳು ಮಂಚದ ಕಾಲಬುಡದಲ್ಲಿ ಕೂತು ಅಳುತ್ತಿದ್ದಳು. "ಇನ್ನೂ ಸತ್ತಿಲ್ಲ, ಕಣ್ಣೀರು ಉಳಿಸ್ಕೋ" ಎಂದು ಗದರಿದೆ. ಮಗ ಲಾರಿ ಹತ್ತಿ ಹೋದರೆ ತಿಂಗಳಿಗೊಮ್ಮೆ ಮನೆಗೆ ಬರುವ ನೆಂಟ. ನನ್ನ ಪಾಲಿಗೆ ಬಿದ್ದದ್ದು ಈ ಅಳುಬುರುಕಿ.

ಫೆಬ್ರವರಿ 5

ಡಾಕ್ಟರಮ್ಮನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. "ನನ್ನ ಭಾಷೇಲಿ ಹೇಳಮ್ಮ" ಎಂದೆ. ಕುರ್ಚಿ ಎಳೆದುಕೊಂಡು ಕೂತಳು.

"ಮೂಳೆ ಒಳಗಿನ ಮಜ್ಜೆ ಇದೆಯಲ್ಲ, ರಕ್ತ ತಯಾರಾಗೋದು ಅಲ್ಲೇ. ಅಲ್ಲಿ ಹುಟ್ಟೋ ಎಳೇ ಕಣಗಳು ಬಲಿತು ಕೆಲಸಕ್ಕೆ ಹೊರಗೆ ಬರಬೇಕು. ನಿಮ್ಮ ಮೈಯಲ್ಲಿ ಅವು ಬಲೀತಾ ಇಲ್ಲ. ಬರೀ ಸಂಖ್ಯೆ ಹೆಚ್ಚಿಸ್ಕೊಂಡು ಜಾಗ ಹಿಡ್ಕೊಂಡು ಕೂತಿವೆ. ಕೆಲಸ ಮಾಡೋ ಕಣಕ್ಕೆ ಜಾಗವೇ ಇಲ್ಲ. ಅದಕ್ಕೇ ಸುಸ್ತು, ಅದಕ್ಕೇ ರಕ್ತ ಸೋರೋದು, ಅದಕ್ಕೇ ಜ್ವರ."

"ಕೆಲಸ ಕಲೀದೆ, ಕುರ್ಚೀನೂ ಬಿಡದೆ ಕೂತಿರೋರು. ಗೊತ್ತು ಬಿಡು. ನಮ್ಮ ಒಕ್ಕೂಟದ ಅಧ್ಯಕ್ಷರು ಹಾಗೇ."

ನಕ್ಕಳು. ಆಮೇಲೆ ನನ್ನ ಕೆಲಸದ ಬಗ್ಗೆ ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ. ಇಪ್ಪತ್ತಾರು ವರ್ಷ ಬೂಟಿಗೆ ಅಟ್ಟೆ ಅಂಟಿಸಿದವಳು. ಅಂಟು ಸವರಿದ ಕೂಡಲೇ ಅಟ್ಟೆ ಒತ್ತಬಾರದು, ಹದ ಬರಬೇಕು. ಹದ ತಿಳಿಯುವುದು ಮೂಗಿಗೆ. ಅಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಮೊದಲು ಘಾಟು ಹೊಡೆಯುತ್ತದೆ, ಆಮೇಲೆ ಸಿಹಿಗೆ ತಿರುಗುತ್ತದೆ. ತಿರುಗಿದ ಗಳಿಗೆಯಲ್ಲೇ ಒತ್ತಬೇಕು. ಒಂದು ಉಸಿರು ಮೊದಲಾದರೆ ಜಾರುತ್ತದೆ, ಒಂದು ಉಸಿರು ತಡವಾದರೆ ಬಿಡುತ್ತದೆ. ಆ ಕೋಣೆಯಲ್ಲಿ ನನ್ನಂಥ ಮೂಗು ಇನ್ನೊಂದಿಲ್ಲ. ನಲವತ್ತು ಹೆಂಗಸರಿಗೆ ಮೂಗು ಕಲಿಸಿದವಳು ನಾನು. ಸೊಸೆಗೂ ನಾನೇ.

"ಮುಖಕ್ಕೆ ಏನೂ ಕಟ್ಕೊಳ್ತಿರಲಿಲ್ವಾ?"

"ಕಟ್ಕೊಂಡ್ರೆ ವಾಸನೆ ಹೇಗೆ ಗೊತ್ತಾಗುತ್ತೆ ತಾಯಿ?"

ಅವಳ ಪೆನ್ನು ನಿಂತಿತು. ಬೆಂಜೀನ್ ಎಂದಳು. ಅಂಟಿನಲ್ಲಿ ಅದು ಇದ್ದಿರಬಹುದು, ಉಸಿರಿನಲ್ಲಿ ಹೋಗಿ ಮಜ್ಜೆಗೆ ಇಳಿಯುತ್ತದೆ. ನಿಮಗೆ ಇದರಿಂದಲೇ ಬಂತು ಎಂದು ಗೆರೆ ಎಳೆದು ಹೇಳಲಾಗದು, ಆದರೆ ವರ್ಷಗಟ್ಟಲೆ ಉಸಿರಾಡಿದವರಿಗೆ ಅಪಾಯ ಹೆಚ್ಚೆಂಬುದು ಗೊತ್ತಿರುವ ವಿಷಯ.

"ಅದಕ್ಕೇ ಅಲ್ವಾ ನಾವು ದಿನಾ ಹಾಲು ಕುಡಿಯೋದು!"

"ಹಾಲಾ?"

"ಅಂಟಿನ ವಿಷ ಕಡಿಯೋಕೆ."

"ಹಾಲು ಒಳ್ಳೇದೇ ಅಮ್ಮ. ಆದ್ರೆ ಉಸಿರಲ್ಲಿ ಹೋದ ಬೆಂಜೀನಿಗೂ ಹೊಟ್ಟೆಗೆ ಹೋದ ಹಾಲಿಗೂ ಸಂಬಂಧ ಇಲ್ಲ."

ಓದಿದ ಹುಡುಗಿ. ಹೋರಾಟ ಏನು ಗೊತ್ತು ಅವಳಿಗೆ? ಹದಿನಾಲ್ಕು ವರ್ಷದ ಹಿಂದೆ ಹತ್ತೊಂಬತ್ತು ದಿನ ಕಾರ್ಖಾನೆಯ ಗೇಟಿನ ಮುಂದೆ ಬಿಸಿಲಲ್ಲಿ ಕೂತು ಗೆದ್ದ ಹಾಲು ಅದು. ತಲೆಗೆ ಅರ್ಧ ಲೀಟರ್, ದಿನವೂ, ತಪ್ಪದೆ. ಅವತ್ತು ಹೆಂಗಸರು ನನ್ನನ್ನು ಭುಜದ ಮೇಲೆ ಹೊತ್ತು ಬೀದಿಯುದ್ದ ನಡೆದರು. ಹಾಲಕ್ಕ ಎಂಬ ಹೆಸರು ಅವತ್ತು ಬಂದದ್ದು. ಹೆತ್ತವರು ಇಟ್ಟ ಹೆಸರು ಈಗ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಇದೆ.

ಫೆಬ್ರವರಿ 8

ಏಳು ದಿನದ ಕೀಮೋ ಶುರು. ಕೆಂಪು ಔಷಧಿ ನಳಿಕೆಯಲ್ಲಿ ಇಳಿಯುತ್ತಿದೆ. ಒಂದು ಕೈಗೆ ಅದು, ಇನ್ನೊಂದು ಕೈಯಲ್ಲಿ ನಾನು ಕಾರ್ಮಿಕ ಇಲಾಖೆಗೆ ದೂರು ಬರೆಯುತ್ತಿದ್ದೇನೆ. ಮೂರು ಪುಟ ಆಯಿತು. "ರಕ್ತ ಹೀರುವ ಮಾಲೀಕ" ಎಂದು ಬರೆದೆ. ಸಾವಿರ ಸಲ ಭಾಷಣದಲ್ಲಿ ಹೇಳಿದ ಮಾತು, ಈಗ ಪ್ರಯೋಗಾಲಯದ ವರದಿಯಲ್ಲೇ ಇದೆ! ಅವನ ಎದೆ ನಡುಗಬೇಕು.

ಸೊಸೆ ಪಾಳಿ ಮುಗಿಸಿ ಬಂದವಳು ಬೇಯಿಸಿದ ಊಟ ತಂದಿದ್ದಳು. ಹಸಿ ತರಕಾರಿ, ಸಿಪ್ಪೆಯ ಹಣ್ಣು ಯಾವುದೂ ಕೂಡದಂತೆ. ಉಪ್ಪು ಕಡಿಮೆ. ಹೇಳಿದೆ. ತಲೆ ತಗ್ಗಿಸಿದಳು. ಅವಳ ಬಟ್ಟೆಯಿಂದ ಅಂಟಿನ ವಾಸನೆ ಬಂತು. ಎಷ್ಟೋ ದಿನದ ಮೇಲೆ ಮನೆಗೆ ಹೋದ ಹಾಗಾಯಿತು.

ಫೆಬ್ರವರಿ 17

ಬಾಯಿ ತುಂಬ ಹುಣ್ಣು. ಬೈಯಲೂ ಆಗುತ್ತಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿರಲಿಲ್ಲ.

ಫೆಬ್ರವರಿ 18

ಜ್ವರ 102. ರಕ್ತ ಎರಡು ಚೀಲ. ಪ್ಲೇಟ್‌ಲೆಟ್ ಒಂದು.

ಫೆಬ್ರವರಿ 26

ಕೂದಲು ದಿಂಬಿನ ಮೇಲೆ ಬಂತು. ಸೊಸೆ ಬಾಚಿ, ಸುತ್ತಿ, ಬುಟ್ಟಿಗೆ ಹಾಕಿದಳು. ಅಳಲಿಲ್ಲ. ಕಲಿಯುತ್ತಿದ್ದಾಳೆ.

ಒಕ್ಕೂಟದ ಅಧ್ಯಕ್ಷ ಬಂದಿದ್ದ. ಬಾಗಿಲಲ್ಲೇ ನಿಂತು, ಮುಖಕ್ಕೆ ಕಟ್ಟಿದ ಬಟ್ಟೆಯ ಹಿಂದಿನಿಂದ ಹತ್ತು ನಿಮಿಷ ಮಾತಾಡಿದ. ಸಂಘದ ಹೊಸ ಕಚೇರಿಗೆ ನನ್ನ ಹೆಸರು ಇಡುತ್ತಾರಂತೆ. ಬದುಕಿರುವಾಗಲೇ ಗೋಡೆಗೆ ಹೊಡೆಯುವ ಆತುರ. ಆದರೂ ನಿಜ ಬರೆಯುತ್ತೇನೆ, ಹಿತವಾಯಿತು. "ಇಡೋದಾದ್ರೆ 'ಹಾಲಕ್ಕ ಭವನ' ಅಂತ ಇಡಿ, ಆ ಚೀಟಿ ಹೆಸರು ಬೇಡ" ಎಂದೆ.

ಮಾರ್ಚ್ 10

ಮತ್ತೆ ಸೊಂಟಕ್ಕೆ ಸೂಜಿ ಹಾಕಿದ್ದರು. ಇವತ್ತು ಫಲ ಬಂತು. ಕೆಟ್ಟ ಕಣಗಳು ನೂರಕ್ಕೆ ಮೂವತ್ತು ಹಾಗೇ ಉಳಿದಿವೆ.

"ಕಾಯಿಲೆ ಹಿಡಿತಕ್ಕೆ ಬಂದಿಲ್ಲ ಅಮ್ಮ. ಇನ್ನೂ ಸಕ್ರಿಯವಾಗಿದೆ" ಎಂದಳು ಡಾಕ್ಟರಮ್ಮ.

"ಇಪ್ಪತ್ತೆರಡು ವರ್ಷ ಸಂಘದಲ್ಲಿ ಸಕ್ರಿಯ ಸದಸ್ಯರು ಸಿಗಲಿಲ್ಲ ಅಂತ ಕೊರಗಿದ್ದೆ. ಎಲ್ಲ ಇಲ್ಲೇ ಸೇರಿದ್ದಾರೆ ನೋಡು."

ಈ ಸಲ ಅವಳು ನಗಲಿಲ್ಲ. ಮತ್ತೊಂದು ಸುತ್ತು ಜೋರಿನ ಕೀಮೋ ಕೊಡಬಹುದಂತೆ, ಹೃದಯ ತಡೆಯುವ ಭರವಸೆ ಇಲ್ಲವಂತೆ. ಇಲ್ಲವೇ ತಿಂಗಳಿಗೆ ಏಳು ದಿನ ಹೊಟ್ಟೆಗೆ ಚುಚ್ಚುಮದ್ದು, ಜೊತೆಗೆ ಮಾತ್ರೆ, ಬೇಕಾದಾಗ ರಕ್ತ. ವಾಸಿ ಮಾಡುವುದಕ್ಕಲ್ಲ. ತಡೆದು ನಿಲ್ಲಿಸುವುದಕ್ಕೆ. ಎಷ್ಟು ದಿನ ಎಂದು ಕೇಳಿದೆ. ತಿಂಗಳುಗಳಲ್ಲಿ ಹೇಳಿದಳು, ವರ್ಷದಲ್ಲಿ ಹೇಳಲಿಲ್ಲ.

ಎರಡನೆಯದು ಸಾಕು ಎಂದೆ. ಮನೆಗೆ ಹೋಗಬೇಕು. ದೂರು ಕಳಿಸಬೇಕು.

ಮಾರ್ಚ್ 14

ಮನೆ. ಮುಂದಿನ ಕೋಣೆಯಲ್ಲಿ ಮಂಚ. ಗುಂಪು ಸೇರಬಾರದು, ನೆಗಡಿ ಬಂದವರು ಒಳಗೆ ಬರಬಾರದು, ಹೂವಿನ ಕುಂಡವೂ ಬೇಡ. ನನ್ನ ರಕ್ತದಲ್ಲಿ ಕಾವಲುಗಾರರೇ ಇಲ್ಲವಂತೆ.

ಸೊಸೆ ಕೆಲಸಕ್ಕೆ ಹೋದ ಮೇಲೆ ಮ್ಯಾನೇಜರ್ ಬಂದ, ಕೈಯಲ್ಲಿ ಸೇಬಿನ ಚೀಲ. ಅವನ ಬಾಯಿಂದ ಬೆಣ್ಣೆ, ಬಗಲಿನಿಂದ ಕಾಗದ. ನಾನು ದೂರು ಬರೆಯುತ್ತಿರುವುದು ಅವನಿಗೆ ಹೇಗೋ ಗೊತ್ತಾಗಿದೆ. ಅಧ್ಯಕ್ಷನ ಬಾಯಿ ಇದ್ದಲ್ಲಿ ಟಪಾಲು ಬೇಡ.

"ದೂರು ಕೊಡಿ, ಬೇಡ ಅನ್ನಲ್ಲ. ನಿಮ್ಮ ಹಕ್ಕು. ಇದನ್ನೊಂದು ಸಲ ನೋಡ್ಬಿಡಿ ಅಂತ ತಂದೆ."

ಹದಿನಾಲ್ಕು ವರ್ಷದ ಹಿಂದಿನ ಒಪ್ಪಂದದ ನಕಲು. ನಾಲ್ಕನೆಯ ಕಲಮಿನ ಕೆಳಗೆ ಅವನೇ ಗೆರೆ ಎಳೆದಿದ್ದ. "ಆವಿ ಹೊರಹಾಕುವ ಯಂತ್ರದ ಬೇಡಿಕೆಯನ್ನು ಕೈಬಿಟ್ಟು, ಅದಕ್ಕೆ ಬದಲಾಗಿ ತಲಾ ಅರ್ಧ ಲೀಟರ್ ಹಾಲನ್ನು ಸಂಘವು ಸಂತೋಷದಿಂದ ಒಪ್ಪಿಕೊಂಡಿದೆ." ಕೆಳಗೆ ನನ್ನ ಸಹಿ. ದಪ್ಪ, ದುಂಡಗೆ, ಬಾಲ ಎಳೆದ ಸಹಿ.

"ನಿಮ್ಮ ಹೆಂಗಸರಿಗೆ ಇದನ್ನ ಇನ್ನೂ ತೋರಿಸಿಲ್ಲ ನಾವು. ತೋರಿಸೋ ಆಸೇನೂ ಇಲ್ಲ. ನಿಮ್ಮ ಮೇಲೆ ಗೌರವ ಇದೆ ಹಾಲಕ್ಕ."

ನಕಲನ್ನೂ ಸೇಬನ್ನೂ ಇಟ್ಟು ಹೋದ.

ಬರೆಯುತ್ತೇನೆ. ಯಾರೂ ಓದುವುದಿಲ್ಲವಲ್ಲ. ಅವತ್ತು ಆ ಕೋಣೆಯಲ್ಲಿ ಇದ್ದವರು ಮೂವರೇ, ಮಾಲೀಕ, ಮ್ಯಾನೇಜರ್, ನಾನು. ಯಂತ್ರವೋ ಹಾಲೋ, ಎರಡರಲ್ಲಿ ಒಂದು ಹೇಳು ಎಂದ ಮಾಲೀಕ. ನಾನು ಹಾಲು ಎಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಯಂತ್ರ ಗೋಡೆಗೆ ಹೋಗುತ್ತದೆ, ಹಾಲು ಮನೆಗೆ ಹೋಗುತ್ತದೆ. ಮಕ್ಕಳಿದ್ದ ಹೆಂಗಸರು ಅವರು. ನನಗೂ ಮಗನಿದ್ದ. ಇದು ಅರ್ಧ ನಿಜ. ಉಳಿದರ್ಧ: ಗೋಡೆಗೆ ಯಂತ್ರ ಕೂರಿಸಿದವಳನ್ನು ಯಾರೂ ಭುಜದ ಮೇಲೆ ಹೊರುವುದಿಲ್ಲ.

ಗೇಟಿಗೆ ಬಂದು ಏನು ಹೇಳಿದೆ? "ಯಂತ್ರ ಕೊಡಲ್ಲ ಅಂದ, ಹಾಲು ಕಿತ್ಕೊಂಡು ಬಂದೆ!" ಎಂದು ಹೇಳಿದೆ. ಅದೇ ಸುಳ್ಳು ಈ ಪುಸ್ತಕದ ಮುಂದಿನ ಅರ್ಧದಲ್ಲಿ ನನ್ನದೇ ಅಕ್ಷರದಲ್ಲಿ ಇದೆ. ತಿರುವಿ ನೋಡಿದೆ. "ನಾವು" ಎಂದೇ ಬರೆದಿದ್ದೇನೆ.

ಮಾರ್ಚ್ 15

ದೂರಿನ ಮೂರು ಪುಟ ಹರಿದು ಒಲೆಗೆ ಹಾಕಿದೆ. ಸೇಬು ಯಾರಿಗೂ ಕೊಡಲಿಲ್ಲ, ಎಸೆಯಲೂ ಇಲ್ಲ.

ಮಾರ್ಚ್ 24

ಮೊದಲ ಸುತ್ತಿನ ಚುಚ್ಚುಮದ್ದು ಮುಗಿಯಿತು. ಹೊಟ್ಟೆಯ ತುಂಬ ಕೆಂಪು ಗಂಟು. ಎದ್ದರೆ ಲೋಕ ಸುತ್ತುತ್ತದೆ, ಕೂತರೆ ಬೇಸರ ಸುತ್ತುತ್ತದೆ.

ಸೊಸೆ ಲೋಟ ಕೊಡಲು ಕೈ ಚಾಚಿದಾಗ ಮೊಣಕೈಯ ಕೆಳಗೆ ನೀಲಿ ಕಲೆ ಕಂಡಿತು.

"ಏನದು?"

"ಅಟ್ಟೆ ಜೋಡ್ಸೋ ರ‍್ಯಾಕ್ ತಗುಲ್ತು ಅತ್ತೆ."

"ಯಾವಾಗ?"

"ನೆನಪಿಲ್ಲ. ತಗುಲಿರ್ಬೇಕು."

ಅವಳ ತೋಳು ಹಿಡಿದು ಬೆಳಕಿಗೆ ತಿರುಗಿಸಿದೆ. "ಮುಂದಿನ ಸಲ ನನ್ನ ಜೊತೆ ಆಸ್ಪತ್ರೆಗೆ ಬಾ. ರಕ್ತ ಕೊಡು, ನೋಡಲಿ."

"ನಂಗ್ಯಾಕತ್ತೆ? ನಾನು ಒಂದಿನಾನೂ ಬಿಡದೆ ಹಾಲು ಕುಡೀತೀನಲ್ಲ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಎಲ್ರಿಗೂ ಕೊಡ್ಸಿ, ನಿಮ್ಮ ಪಾಲಿಂದು ನೀವು ಮನೆಗೆ ತರ್ತಿದ್ರಂತೆ, ಇವರಿಗೆ ಕುಡ್ಸೋಕೆ. ಅದಕ್ಕೇ ನಿಮಗೆ ಬಂತು ಅಂತಾರೆ ಅಲ್ಲೆಲ್ಲ. ಹಾಗೆ ಹೇಳುವಾಗ ಕಣ್ಣಲ್ಲಿ ನೀರು ಹಾಕ್ಕೊಳ್ತಾರೆ."

ನಲವತ್ತು ಹೆಂಗಸರು ಹಾಲು ಕುಡಿದು, ಬಾಯಿ ಒರೆಸಿಕೊಂಡು, ಅಟ್ಟೆಯನ್ನು ಮೂಗಿಗೆ ಹಿಡಿಯುತ್ತಿದ್ದಾರೆ. ನನ್ನ ಕಥೆ ಹೇಳಿಕೊಂಡು.

ಮಾರ್ಚ್ 27

ರಕ್ತ ಹಾಕಿಸಿಕೊಳ್ಳಲು ಹೋಗಿದ್ದೆ. ಯಾರದೋ ಮೈಯ ರಕ್ತ, ಹೆಸರಿಲ್ಲದ ಚೀಲ. ಇಳಿಯಲು ಮೂರು ಗಂಟೆ ಹಿಡಿಯಿತು. ಡಾಕ್ಟರಮ್ಮ ಬಂದು, "ನಿಮ್ಮ ಜೊತೆಯವರಿಗೆ ಬರೋಕೆ ಹೇಳಿ ಅಂದಿದ್ದೆನಲ್ಲ, ಒಬ್ರೂ ಬರಲಿಲ್ಲ. ಬೇಗ ಗೊತ್ತಾದ್ರೆ, ಆ ಅಂಟಿಂದ ದೂರ ಸರಿದ್ರೆ, ಎಷ್ಟೋ ಜನರ ರಕ್ತ ತಾನೇ ಸರಿಹೋಗುತ್ತೆ" ಎಂದಳು.

"ಬರಲ್ಲ ಅವರು. ಅವರಿಗೆ ಔಷಧಿ ಸಿಕ್ಕಿದೆ."

"ಯಾವ ಔಷಧಿ? ಯಾರು ಕೊಟ್ರು?"

ಚೀಲದಲ್ಲಿ ಇನ್ನೆಷ್ಟು ರಕ್ತ ಉಳಿದಿದೆ ಎಂದು ಕೇಳಿದೆ.

ಮಾಲೀಕನನ್ನು ಬೈಯುವುದು ಎಷ್ಟು ಸುಲಭ! ನಿದ್ದೆಯಲ್ಲೂ ಬೈಯಬಲ್ಲೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಈ ಹಾಲಕ್ಕ ಎಂಬ ಮೂಗುತಿಯನ್ನು ಹೊತ್ತು ಹೊತ್ತು ನನ್ನ ಮೂಗು ಹರಿದಿದೆ. ಜೊತೆಗೆ ನಲವತ್ತು ಜನರದ್ದು.

ಮಾರ್ಚ್ 30

ಹೋದೆ.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಎರಡು ಮುಖವಾಡ ಕಟ್ಟಿಕೊಂಡು, ಆಟೋದಲ್ಲಿ, ಒಬ್ಬಳೇ. ಗೇಟಿನ ಪಕ್ಕದ ಅಂಗಡಿಯವನು ಸ್ಟೂಲು ಕೊಟ್ಟ. ಹೆಂಗಸರು ಓಡಿ ಬಂದು ಸುತ್ತುಗಟ್ಟಿದರು. ಯಾರೋ ಕಾಲು ಮುಟ್ಟಲು ಬಗ್ಗಿದಳು, ಕೆಂಡ ತಗಲಿದಂತೆ ಕಾಲು ಎಳೆದುಕೊಂಡೆ. ಹೊಲಿಗೆ ವಿಭಾಗದ ನನ್ನ ಹಳೆಯ ಗೆಳತಿ, ನಾವೆಲ್ಲ ದಬ್ಬಣ ಎಂದು ಕರೆಯುವವಳು, ಸಂಘದ ಕೈಮೈಕು ತಂದು ಕೈಗೆ ಕೊಟ್ಟಳು. ಅವತ್ತು ನನ್ನ ಎಡಗಾಲು ಇದ್ದದ್ದು ಅವಳ ಭುಜದ ಮೇಲೆ.

ಹೇಳಿದೆ. ಸುತ್ತಿ ಬಳಸಲಿಲ್ಲ.

"ಅವತ್ತು ಅವನು ಯಂತ್ರ ಕೊಡ್ತೀನಿ ಅಂದಿದ್ದ. ಯಂತ್ರವೋ ಹಾಲೋ ಅಂದ. ನಾನು ಹಾಲು ಅಂದೆ. ನಿಮಗೆ ಸುಳ್ಳು ಹೇಳ್ದೆ. ಹಾಲು ಕುಡಿದ್ರೆ ಆ ವಿಷ ಹೋಗಲ್ಲ. ಒಂದು ತೊಟ್ಟೂ ಹೋಗಲ್ಲ. ಅಟ್ಟೆ ಮೂಗಿಗೆ ಹಿಡೀಬೇಡಿ. ನಾನು ಕಲ್ಸಿದ್ದು, ನಾನೇ ಹೇಳ್ತಿದೀನಿ, ಹಿಡೀಬೇಡಿ. ಎಲ್ರೂ ಹೋಗಿ ರಕ್ತ ಪರೀಕ್ಷೆ ಮಾಡ್ಸಿ."

ಮೊದಲು ಬಾಯಿ ಬಿಟ್ಟವಳು ಹಿಂದಿನ ಸಾಲಿನ ಒಬ್ಬಳು. "ಹಂಗಾದ್ರೆ ಹಾಲು ನಿಲ್ಲಿಸ್ತಾರಾ?"

ದಬ್ಬಣ ಮೈಕು ಕಸಿದುಕೊಂಡಳು. "ಹದಿನಾಲ್ಕು ವರ್ಷ ಬಾಯಲ್ಲಿ ಏನಿತ್ತೇ? ಸಾಯೋ ಹೊತ್ತಲ್ಲಿ ಹಗುರ ಮಾಡ್ಕೊಳ್ಳೋಕೆ ಬಂದ್ಯಾ? ನಿನ್ನ ಭಾರ ನಮ್ಮ ತಲೆ ಮೇಲೆ ಹಾಕಿ?" ಮೈಕಿನಲ್ಲೇ ಹೇಳಿದಳು. ಬೀದಿಗೆಲ್ಲ ಕೇಳಿಸಿತು.

ಗುಂಪಿನ ಅಂಚಿನಲ್ಲಿ ಸೊಸೆ ನಿಂತಿದ್ದಳು. ನನ್ನ ಹತ್ತಿರ ಬರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡದೆಯೇ ಹೇಳಿದಳು, "ಒಂದೇ ಸೂರಿನ ಕೆಳಗೆ ಇದೀನಿ. ನಂಗೊಬ್ಳಿಗೆ ಮೊದ್ಲು ಹೇಳ್ಬಾರ್ದಿತ್ತಾ? ನಿಮಗೆ ಯಾವಾಗ್ಲೂ ಮೈಕೇ ಬೇಕು."

ಆರು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಇದೇ ಮೊದಲು. ಮಾತು ನೆಟ್ಟಗೆ ನಾಟಿತು.

ಏಪ್ರಿಲ್ 1

ಕಾರ್ಖಾನೆಯ ಫಲಕಕ್ಕೆ ನೋಟೀಸು ಹಾಕಿದ್ದಾರಂತೆ. "ಹಾಲಿನಿಂದ ಪ್ರಯೋಜನವಿಲ್ಲವೆಂದು ಸಂಘದ ಕಾರ್ಯದರ್ಶಿಯವರೇ ಬಹಿರಂಗವಾಗಿ ತಿಳಿಸಿರುವುದರಿಂದ ಇಂದಿನಿಂದ ಹಾಲು ವಿತರಣೆಯನ್ನು ನಿಲ್ಲಿಸಲಾಗಿದೆ." ಯಂತ್ರದ ಮಾತು ಅದರಲ್ಲಿ ಇಲ್ಲ.

ಎಷ್ಟು ಚೊಕ್ಕ ಕೆಲಸ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಗಾಳಿಯನ್ನೂ ಕೊಡಲಿಲ್ಲ, ಹಾಲನ್ನೂ ಕಿತ್ತುಕೊಂಡ. ಎರಡು ಸಲವೂ ನನ್ನ ಬಾಯಿಂದಲೇ.

ಏಪ್ರಿಲ್ 2

ಬೆಳಿಗ್ಗೆ ಹತ್ತು ಹನ್ನೆರಡು ಹೆಂಗಸರು ಬಾಗಿಲಿಗೆ ಬಂದರು. ನಾನು ಮಂಚದ ಮೇಲೆ, ಬಾಗಿಲು ಅರ್ಧ ಮುಚ್ಚಿತ್ತು. ದಬ್ಬಣನ ದನಿ ಮುಂದೆ.

"ಎಲ್ಲಿ ಮಹಾತಾಯಿ? ನನ್ನ ಮೊಮ್ಮಗೂಗೆ ಇವತ್ತು ಏನು ಕುಡಿಸ್ಲಿ? ಇವಳ ಸತ್ಯ ಕುಡಿಸ್ಲಾ?"

"ಊರಿಗೆ ಉಪಕಾರಿ ಅಂತಿದ್ವಿ, ಊರಿಗೇ ಮಾರಿ ಆದ್ಲು!"

ಏಳಲು ಹೋದೆ. ಕಾಲು ನೆಲಕ್ಕೆ ಸಿಗಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯ ಹುಡುಗಿ ಹೊಸ್ತಿಲಿಗೆ ಹೋಗಿ ಅಡ್ಡ ನಿಂತಿದ್ದಳು. ಇವತ್ತು ಕೆಲಸಕ್ಕೆ ಹೋಗಿರಲಿಲ್ಲವೆಂದು ಆಗ ಹೊಳೆಯಿತು.

"ಒಳಗೆ ಬರ್ಬೇಡಿ, ಅವರಿಗೆ ನೆಗಡಿ ತಗುಲಿದ್ರೂ ಪ್ರಾಣಕ್ಕೆ ಬರುತ್ತೆ. ಬೈಯೋದಿದ್ರೆ ಅಲ್ಲಿಂದ್ಲೇ ಬೈರಿ, ಕೇಳ್ಸುತ್ತೆ. ನಂಗೂ ಕೋಪ ಇದೆ. ನಾನೂ ಬೈದಿದೀನಿ."

"ಮತ್ತೆ ಯಾಕೆ ಅಡ್ಡ ನಿಂತಿದೀಯಾ?"

"ಒಂದ್ಮಾತು ಕೇಳ್ತೀನಿ. ಎರಡ್ರಲ್ಲಿ ಒಂದು ತಗೋ ಅಂದ್ನಲ್ಲ ಅವನು. ಅವನ ಮನೇಲಿ ಎರಡೂ ಇತ್ತಲ್ವಾ? ಗಾಳೀನೂ ಇತ್ತು, ಹಾಲೂ ಇತ್ತು. ನಮಗೆ ಮಾತ್ರ ಯಾಕೆ ಒಂದು? ಅತ್ತೆ ತಪ್ಪಾಗಿ ಆರ್ಸಿದ್ರು, ಸರಿ. ಆರ್ಸು ಅಂತ ಮುಂದೆ ಇಟ್ಟೋನನ್ನ ಯಾರಾದ್ರೂ ಹೋಗಿ ಬೈದ್ರಾ?"

ದಬ್ಬಣ, "ನಾಲಿಗೆ ಎಲ್ಲಿಟ್ಟಿದ್ಯೇ ಇಷ್ಟು ದಿನ?" ಎಂದಳು.

"ಇವರ ಮನೇಲಿ ಇನ್ನೊಬ್ಬರ ನಾಲಿಗೆಗೆ ಜಾಗ ಎಲ್ಲಿತ್ತು?"

ಹೊರಗೆ ಯಾರೋ ಕಿಸಕ್ಕೆಂದರು. ಮಂಚದ ಮೇಲೆ ನನಗೂ ನಗು ಬಂತು, ವಸಡಿನಿಂದ ರಕ್ತ ಬಂತು.

ನಾನು ಇಪ್ಪತ್ತೆರಡು ವರ್ಷ ಭಾಷಣ ಮಾಡಿದೆ. ಆ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವನು ಮೇಜಿನ ಮೇಲೆ ಎರಡು ಇಟ್ಟ, ನಾನು ಎರಡನ್ನೇ ನೋಡಿದೆ. ಮೇಜನ್ನೇ ಒದೆಯಬೇಕಿತ್ತು.

ಏಪ್ರಿಲ್ 7

ಜ್ವರ 103. ಮತ್ತೆ ಆಸ್ಪತ್ರೆ. ಗೇಟಿನ ಬಳಿ ಹತ್ತಿದ ಸೋಂಕೇ ಇರಬೇಕು ಎಂದಳು ಡಾಕ್ಟರಮ್ಮ. ಬೈದಳು. ಅವಳಿಗೂ ನಾಲಿಗೆ ಬಂದಿದೆ.

ಏಪ್ರಿಲ್ 9

ಹುಡುಗಿ ಇಲ್ಲೇ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಾಳೆ. ಉಪ್ಪು ಸರಿಯಾಗಿತ್ತು.

ಏಪ್ರಿಲ್ 15

ನಲವತ್ತರಲ್ಲಿ ಹದಿನೇಳು ಜನ ಪರೀಕ್ಷೆಗೆ ರಕ್ತ ಕೊಟ್ಟಿದ್ದರು. ದಬ್ಬಣ ಹೊಲಿಗೆಯವಳು, ಅವಳ ರಕ್ತಕ್ಕೆ ತುರ್ತಿರಲಿಲ್ಲ. ಆದರೂ ಅಂಟು ಕೋಣೆಯವರನ್ನು ಆಟೋದಲ್ಲಿ ಹೇರಿಕೊಂಡು ಬಂದವಳು ಅವಳೇ. ನನ್ನ ವಾರ್ಡಿನ ಬಾಗಿಲ ತನಕ ಬಂದಳು. ಒಳಗೆ ನೋಡಿ, ಮುಖ ತಿರುಗಿಸಿ ಹೋದಳು.

ಇವತ್ತು ವರದಿ ಬಂತು. ನಾಲ್ವರಿಗೆ ಕಣಗಳು ಕಡಿಮೆ. ನಾಲ್ವರಲ್ಲಿ ಒಬ್ಬಳು ನನ್ನ ಹುಡುಗಿ.

ಡಾಕ್ಟರಮ್ಮ ನನ್ನ ಎದುರಿಗೇ ಹೇಳಿದಳು, "ಕ್ಯಾನ್ಸರ್ ಅಲ್ಲ. ಹೆದರಬೇಡಿ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿದಿವೆ. ಅಂಟಿನ ಕೋಣೆಗೆ ಮಾತ್ರ ಮತ್ತೆ ಕಾಲಿಡಬೇಡಿ. ತಿಂಗಳು ಬಿಟ್ಟು ಮತ್ತೆ ನೋಡೋಣ." ಏರುತ್ತದೆಯಾ ಎಂದು ಕೇಳಿದೆ. ಏರುವ ಸಾಧ್ಯತೆ ಹೆಚ್ಚು ಎಂದಳು. ಹೆಚ್ಚು ಎಂದರೆ ಎಷ್ಟು? ಹೇಳಲಿಲ್ಲ. ನನ್ನ ವಿಷಯದಲ್ಲಿ ಎಷ್ಟು ದಿನ ಎಂದು ಕೇಳಿದ್ದೆ. ಆಗ ಒಂದೇ ಸಲ ಕೇಳಿದ್ದೆ, ಇವತ್ತು ಮೂರು ಸಲ ಕೇಳಿದೆ.

ಇಪ್ಪತ್ತಮೂರು ಜನ ಬರಲಿಲ್ಲ. ಅವರು ಇವತ್ತೂ ಅಟ್ಟೆಯನ್ನು ಮೂಗಿಗೆ ಹಿಡಿದಿದ್ದಾರೆ. ಬಾಗಿಲು ತೆರೆದಿಡಿ ಎಂದರೆ ಧೂಳು ಕೂರುತ್ತದೆ ಎಂದನಂತೆ ಮ್ಯಾನೇಜರ್.

ಹುಡುಗಿ ವರದಿ ಮಡಚಿ ಚೀಲದಲ್ಲಿಟ್ಟುಕೊಂಡಳು. "ಅತ್ತೆ, ದೂರು ಹೇಗೆ ಬರೀಬೇಕು ಹೇಳಿ. ನೀವು ಸುಟ್ಟಿರಲ್ಲ, ಅದು ಬೇಡ. ಬೈಗುಳ ಬೇಡ. ನಾಲ್ಕು ವರದಿ ಇದೆ, ಒಪ್ಪಂದ ಇದೆ. ಆಗಿದ್ದಷ್ಟೇ ಬರೆಯೋಣ."

ಒಂದೇ ಪುಟ ಆಯಿತು. "ರಕ್ತ ಹೀರುವ" ಎಂಬ ಮಾತು ಎಲ್ಲೂ ಬರಲಿಲ್ಲ.

ಏಪ್ರಿಲ್ 23

ಮನೆ. ಪ್ಲೇಟ್‌ಲೆಟ್ ಒಂಬತ್ತು ಸಾವಿರ. ನಾಡಿದ್ದು ಮತ್ತೆ ಚೀಲ. ಮೂಗಿನಿಂದ ಬೆಳಿಗ್ಗೆ ಅರ್ಧ ಗಂಟೆ ರಕ್ತ.

ಮಧ್ಯಾಹ್ನ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದ. ಬಾಗಿಲ ಬಳಿಯೇ ಕುರ್ಚಿ ಹಾಕಿಸಿ ಕೂರಿಸಿದೆವು. ದಪ್ಪ ಕನ್ನಡಕ, ಸುಸ್ತಾದ ಮುಖ, ತೊಡೆಯ ಮೇಲೆ ಫೈಲು.

"ಹುದ್ದೆ ಏನಂತ ಬರ್ಕೊಳ್ಲಿ? ಸಂಘದ ಕಾರ್ಯದರ್ಶಿ ಅಂತಾನಾ?"

"ಅಂಟು ಕೋಣೆ ಕೆಲಸದೋಳು ಅಂತ ಬರ್ಕೊಳ್ಳಿ."

ಒಪ್ಪಂದದ ನಕಲು ತೆಗೆದ. ಮ್ಯಾನೇಜರ್ ಮೊದಲೇ ತಲುಪಿಸಿದ್ದ, ಗೆರೆ ಎಳೆದೇ. "ಇದು ನಿಮ್ಮ ಸಹೀನಾ?"

"ನಂದೇ."

"ಯಂತ್ರ ಬೇಡ ಅಂತ ನೀವಾಗೇ ಒಪ್ಪಿದ್ದಾ?"

"ಒಪ್ಪಿದ್ದೆ. ಹೆಂಗಸರಿಗೆ ಹೇಳ್ಲಿಲ್ಲ. ಸುಳ್ಳು ಹೇಳ್ದೆ. ಅದನ್ನೂ ಬರ್ಕೊಳ್ಳಿ."

ಅವನು ಕನ್ನಡಕ ಮೇಲಕ್ಕೆ ಸರಿಸಿ ನನ್ನನ್ನು ನೋಡಿದ. "ಅಮ್ಮ, ನಿಮ್ಮ ಮೇಲೆ ನೀವೇ ಹೇಳಿಕೆ ಕೊಟ್ಟ ಹಾಗಾಗುತ್ತೆ."

"ಆಗ್ಲಿ. ಹಾಲು ಕೊಡಿ ಅಂದೋಳು ನಾನು. ಎರಡ್ರಲ್ಲಿ ಒಂದೇ ಅಂದೋನು ಮಾಲೀಕ. ಆವಿ ಇದೆ, ಹೊರಗೆ ಹಾಕೋಕೆ ಯಂತ್ರ ಬೇಕು ಅಂತ ಆ ಕಾಗದದಲ್ಲೇ ಇದೆ ನೋಡಿ. ಅಂದ್ರೆ ಅವನಿಗೆ ಗೊತ್ತಿತ್ತು. ನಾನು ಬೇಡ ಅಂದ್ರೆ ಅವನು ಹಾಕ್ಬಾರ್ದು ಅಂತ ಯಾವ ಕಾನೂನು? ಇಬ್ಬರನ್ನೂ ಬರ್ಕೊಳ್ಳಿ."

ಬರೆದುಕೊಂಡ. ಓದಿ ಹೇಳಿದ. ನನ್ನ ಸಹಿ ಮೂರು ಕಡೆ ಮುರಿಯಿತು.

"ಸಾಕ್ಷಿ ಒಬ್ಬರು ಬೇಕು. ಇವರು ನಿಮಗೆ?" ಎಂದು ಹುಡುಗಿಯ ಕಡೆ ತೋರಿಸಿದ.

"ಮಗಳು."

ಮಗಳು ಸಹಿ ಹಾಕಿದಳು. ಅವನು ಫೈಲು ಕಟ್ಟುತ್ತಾ, ಸ್ಥಳ ತನಿಖೆಗೆ ಮುಂದಿನ ತಿಂಗಳು ನೋಡೋಣ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಬಾಗಿಲಿಗೆ ಅಡ್ಡ ಹೋಗಿ ನಿಂತಿದ್ದಳು. "ಇಪ್ಪತ್ತಮೂರು ಜನ ಈಗ್ಲೂ ಒಳಗಿದಾರೆ ಸಾರ್."

"ಸರಿಯಮ್ಮ, ಮಂಗಳವಾರ ಹೋಗ್ತೀನಿ."

"ಯಾವ ಮಂಗಳವಾರ?" ಎಂದು ಕೇಳಿ, ಫೈಲು ಬಿಚ್ಚಿಸಿ, ತಾರೀಖು ಬರೆಸಿಕೊಂಡಳು.